ಸಿಗದೇ ಹೋದ ಮೂರನೆಯ ಗೆಲುವು

2001ರ ಬೇಸ್‌ಬಾಲ್ ಋತುವಿನಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ 162 ಪಂದ್ಯಗಳನ್ನಾಡಿ 102ರಲ್ಲಿ ಗೆದ್ದಿತು. ಅಕ್ಟೋಬರ್‌ನಲ್ಲಿ ಐದು ಪಂದ್ಯಗಳ ಪ್ಲೇಆಫ್ ಸರಣಿಗೆ ಇಳಿದು, ಮೊದಲ ಎರಡನ್ನು ಎದುರಾಳಿಯ ಅಂಗಳದಲ್ಲೇ ಗೆದ್ದುಕೊಂಡಿತು. ಬೇಕಾಗಿದ್ದದ್ದು ಇನ್ನೊಂದೇ ಗೆಲುವು. ಅದು ಸಿಗಲಿಲ್ಲ. ಅಕ್ಟೋಬರ್ 10ರಂದು ಶುರುವಾದ ಸರಣಿ 15ರಂದು ಮುಗಿಯುವಷ್ಟರಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೂರು ಪಂದ್ಯ ಗೆದ್ದು ಮುಂದಿನ ಸುತ್ತಿಗೆ ಹೋಗಿಯಾಗಿತ್ತು.

ಬೇಸ್‌ಬಾಲ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸೋಲುಗಳಿವೆ. ವಿಶ್ವ ಸರಣಿಯ ಕಟ್ಟಕಡೆಯ ಪಂದ್ಯದ ಕಟ್ಟಕಡೆಯ ಎಸೆತದಲ್ಲಿ ಸೋತವರಿದ್ದಾರೆ. ಆದರೂ ಓಕ್ಲೆಂಡ್‌ನ ಈ ಸೋಲನ್ನು ಬಿಡಿಸಿ ಹೇಳಬೇಕು ಅನಿಸುವುದಕ್ಕೆ ಕಾರಣವಿದೆ. ಜನರ ನೆನಪಿನಲ್ಲಿ ಅದು ಉಳಿದಿರುವುದು ಕೆಲವೇ ಸೆಕೆಂಡುಗಳ ಒಂದು ದೃಶ್ಯವಾಗಿ. ಆ ದೃಶ್ಯದಲ್ಲಿ ಒಬ್ಬ ವೀರನಿದ್ದಾನೆ, ಒಬ್ಬ ತಪ್ಪಿತಸ್ಥನಿದ್ದಾನೆ. ನಿಜದಲ್ಲಿ ನಡೆದದ್ದು ಅಷ್ಟು ಸರಳವಲ್ಲ.

ಓಕ್ಲೆಂಡ್ ಎಂಬುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದ ಬಂದರು ನಗರ. ಅಥ್ಲೆಟಿಕ್ಸ್ ಅಲ್ಲಿ ಹುಟ್ಟಿದ ತಂಡವಲ್ಲ. 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಗಿ, 1955ರಲ್ಲಿ ಕಾನ್ಸಾಸ್ ಸಿಟಿಗೆ ಗುಳೆ ಹೋಗಿ, 1968ರಲ್ಲಿ ಓಕ್ಲೆಂಡ್‌ಗೆ ಬಂದಿತ್ತು. ಬಂದ ಮೇಲೆ ಊರಿಗೆ ಕೀರ್ತಿಯನ್ನೂ ತಂದಿತು. 1972, 1973 ಮತ್ತು 1974ರಲ್ಲಿ ಸತತ ಮೂರು ಬಾರಿ ವಿಶ್ವ ಸರಣಿ ಗೆದ್ದಿತು, 1989ರಲ್ಲಿ ಮತ್ತೊಮ್ಮೆ. ಆಮೇಲೆ ಬಂದ ಮಾಲೀಕರು ಕೈ ಬಿಗಿ ಹಿಡಿದರು. 2001ರ ಹೊತ್ತಿಗೆ ಯಾಂಕೀಸ್ ತಂಡದ ಆಟಗಾರರ ಒಟ್ಟು ಸಂಬಳ 11 ಕೋಟಿ ಡಾಲರ್ ದಾಟಿತ್ತು, ಓಕ್ಲೆಂಡ್‌ನದು 4 ಕೋಟಿಯನ್ನೂ ಮುಟ್ಟಿರಲಿಲ್ಲ. ಇಷ್ಟು ಅಂತರವಿದ್ದೂ ಇವರು ಯಾಂಕೀಸ್‌ಗಿಂತ ಏಳು ಪಂದ್ಯ ಹೆಚ್ಚು ಗೆದ್ದಿದ್ದರು.

ಅದರ ಹಿಂದೆ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಅವರ ಲೆಕ್ಕಾಚಾರವಿತ್ತು. ನೋಡಲು ಚೆಂದದ ಆಟಗಾರರ ಬೆನ್ನು ಹತ್ತದೆ, ಎಸೆತ ಆರಿಸಿಕೊಂಡು ತಾಳ್ಮೆಯಿಂದ ಬೇಸ್ ಸೇರುವವರನ್ನು ಅಗ್ಗದಲ್ಲಿ ಹುಡುಕುವುದು ಅವರ ಹಾದಿ. ಆದರೆ ಲೆಕ್ಕಾಚಾರವೊಂದೇ 102 ಪಂದ್ಯ ಗೆಲ್ಲಿಸಲಿಲ್ಲ. ತಂಡದೊಳಗೇ ಬೆಳೆದ ಮೂವರು ಯುವ ಪಿಚರ್‌ಗಳಿದ್ದರು: ಆ ವರ್ಷ 21 ಪಂದ್ಯ ಗೆದ್ದ ಮಾರ್ಕ್ ಮಲ್ಡರ್, 18 ಗೆದ್ದ ಟಿಮ್ ಹಡ್ಸನ್, 17 ಗೆದ್ದ ಬ್ಯಾರಿ ಝೀಟೋ. ಮೂವರಲ್ಲಿ ಹಿರಿಯನಾದ ಹಡ್ಸನ್‌ಗೂ ಆಗ 26 ವರ್ಷ. ಬ್ಯಾಟಿಂಗ್‌ನಲ್ಲಿ ಮಿಗೆಲ್ ತೆಹಾದಾ, ಎರಿಕ್ ಚಾವೆಸ್, ಜಾನಿ ಡೇಮನ್ ಇದ್ದರು. ಎಲ್ಲರಿಗೂ ಮೇಲೆ, ಹಿಂದಿನ ವರ್ಷವಷ್ಟೇ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರನೆಂಬ ಗೌರವ ಪಡೆದಿದ್ದ ಜೇಸನ್ ಜಿಯಾಂಬಿ. ಅವನ ತಮ್ಮ ಜೆರೆಮಿ ಜಿಯಾಂಬಿಯೂ ಅದೇ ತಂಡದಲ್ಲಿದ್ದ.

ಆ ಋತುವಿನ ಆರಂಭ ಮಾತ್ರ ದುಃಸ್ವಪ್ನದಂತಿತ್ತು. ಮೊದಲ 26 ಪಂದ್ಯಗಳಲ್ಲಿ 8 ಗೆಲುವು, 18 ಸೋಲು. ಜುಲೈ ನಡುವಿನ ಆಲ್ ಸ್ಟಾರ್ ಬಿಡುವಿನ ಹೊತ್ತಿಗೆ 44 ಗೆಲುವು, 43 ಸೋಲು; ಯಾರೂ ಲೆಕ್ಕಕ್ಕಿಡದ ಸಾಧಾರಣ ತಂಡ. ಬಿಡುವಿನ ನಂತರದ 75 ಪಂದ್ಯಗಳಲ್ಲಿ ಅವರು 58 ಗೆದ್ದರು, ಸೋತದ್ದು 17 ಮಾತ್ರ. ಬೇಸ್‌ಬಾಲ್‌ನಲ್ಲಿ ಹತ್ತರಲ್ಲಿ ಆರು ಗೆದ್ದರೆ ಅದು ಬಲಿಷ್ಠ ತಂಡ. ಇವರು ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಗೆಲ್ಲುತ್ತಿದ್ದರು, ಅದೂ ಎರಡೂವರೆ ತಿಂಗಳ ಕಾಲ. ಆದರೂ ತಮ್ಮ ವಿಭಾಗದಲ್ಲಿ ಎರಡನೆಯ ಸ್ಥಾನವೇ ಗತಿಯಾಯಿತು. ಅದೇ ವರ್ಷ ಸಿಯಾಟಲ್ ಮರಿನರ್ಸ್ 116 ಪಂದ್ಯ ಗೆದ್ದು ದಾಖಲೆಯನ್ನೇ ಸರಿಗಟ್ಟಿತ್ತು. ಓಕ್ಲೆಂಡ್ ಪ್ಲೇಆಫ್‌ಗೆ ಬಂದದ್ದು ವಿಭಾಗ ಗೆಲ್ಲದವರಿಗೆ ತೆರೆದಿರುವ ವೈಲ್ಡ್ ಕಾರ್ಡ್ ಬಾಗಿಲಿನಿಂದ. ಹಾಗಾಗಿ ಐದನೆಯ ಪಂದ್ಯ ಬೇಕಾದರೆ ಅದು ನಡೆಯುವುದು ನ್ಯೂಯಾರ್ಕಿನಲ್ಲಿ.

ಎದುರಾಳಿ ಯಾಂಕೀಸ್ ಸತತ ಮೂರು ವರ್ಷಗಳ ವಿಶ್ವ ಚಾಂಪಿಯನ್. ಹಿಂದಿನ ವರ್ಷ ಇದೇ ಹಂತದಲ್ಲಿ ಓಕ್ಲೆಂಡನ್ನು ಐದನೆಯ ಪಂದ್ಯದಲ್ಲಿ ಮಣಿಸಿದ್ದವರೂ ಇವರೇ. 2001ರ ಅಕ್ಟೋಬರ್‌ನಲ್ಲಿ ಆ ಹೆಸರಿಗೆ ಇನ್ನೊಂದು ಭಾರವೂ ಸೇರಿತ್ತು. ಸೆಪ್ಟೆಂಬರ್ 11ರಂದು ವಿಶ್ವ ವ್ಯಾಪಾರ ಕೇಂದ್ರದ ಗೋಪುರಗಳು ಉರುಳಿದ್ದವು. ಬೇಸ್‌ಬಾಲ್ ಒಂದು ವಾರ ನಿಂತುಹೋಗಿ, ಸೆಪ್ಟೆಂಬರ್ 17ರಂದು ಮತ್ತೆ ಶುರುವಾಗಿತ್ತು. ಸರಣಿ ಆರಂಭವಾಗುವಾಗ ದುರಂತಕ್ಕೆ ಒಂದು ತಿಂಗಳು ತುಂಬಿರಲಿಲ್ಲ. ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿ ಅವಶೇಷಗಳಡಿಯಿಂದ ದೇಹಗಳನ್ನು ಇನ್ನೂ ತೆಗೆಯುತ್ತಿದ್ದರು. ಯಾಂಕೀಸ್ ಎಂದರೆ ಆಗದಿದ್ದ ಊರುಗಳಲ್ಲೂ ಆ ತಿಂಗಳು ಅವರ ಮೇಲೆ ಕನಿಕರ ಹುಟ್ಟಿತ್ತು. ಅಂಥ ಹೊತ್ತಿನಲ್ಲಿ ಆ ತಂಡವನ್ನು ಸೋಲಿಸಲು ಹೊರಟ ಓಕ್ಲೆಂಡ್ ಹುಡುಗರ ಬೆನ್ನಿಗೆ ಅವರ ಊರಿನ ಆಚೆ ಹೆಚ್ಚು ಜನರಿರಲಿಲ್ಲ.

ಅಕ್ಟೋಬರ್ 10ರಂದು ಬ್ರಾಂಕ್ಸ್‌ನ ಯಾಂಕೀ ಸ್ಟೇಡಿಯಂನಲ್ಲಿ ಮಲ್ಡರ್ ಎದುರಿಗೆ ನಿಂತದ್ದು ಯಾಂಕೀಸ್ ಪಿಚರ್ ರೋಜರ್ ಕ್ಲೆಮೆನ್ಸ್. ಟೆರೆನ್ಸ್ ಲಾಂಗ್ ಎರಡು ಹೋಮ್ ರನ್ ಹೊಡೆದ, ಜೇಸನ್ ಜಿಯಾಂಬಿ ಒಂದು. ಓಕ್ಲೆಂಡ್ 5, ಯಾಂಕೀಸ್ 3. ಮರುದಿನ ಹಡ್ಸನ್ ಎಂಟು ಇನಿಂಗ್ಸ್ ಎಸೆದು ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ರಾನ್ ಗ್ಯಾಂಟ್‌ನ ಹೋಮ್ ರನ್ ಆಂಡಿ ಪೆಟಿಟ್‌ನ ಸೊಗಸಾದ ಪಿಚಿಂಗನ್ನು ಹಾಳು ಮಾಡಿತು. ಓಕ್ಲೆಂಡ್ 2, ಯಾಂಕೀಸ್ 0. ಸ್ವಂತ ಅಂಗಳದಲ್ಲಿ ಮೊದಲೆರಡನ್ನೂ ಸೋತು ಐದು ಪಂದ್ಯಗಳ ಸರಣಿ ಗೆದ್ದ ತಂಡ ಅಲ್ಲಿಯವರೆಗೆ ಒಂದೂ ಇರಲಿಲ್ಲ. ಓಕ್ಲೆಂಡ್ ತನ್ನ ಊರಿಗೆ ವಿಮಾನ ಹತ್ತಿದಾಗ ಸರಣಿ ಮುಗಿದೇಹೋಯಿತೆಂದು ಬಹಳ ಜನ ನಂಬಿದ್ದರು.

ಮೂರನೆಯ ಪಂದ್ಯ ಅಕ್ಟೋಬರ್ 13ರ ಶನಿವಾರ. ಓಕ್ಲೆಂಡ್ ಕೊಲೀಸಿಯಂನಲ್ಲಿ 55 ಸಾವಿರದಷ್ಟು ಜನ. ಓಕ್ಲೆಂಡ್‌ಗೆ ಝೀಟೋ, ಯಾಂಕೀಸ್‌ಗೆ ಮೈಕ್ ಮುಸೀನಾ. ಝೀಟೋನ ಕರ್ವ್ ಎಸೆತ ಎದೆಯೆತ್ತರಕ್ಕೆ ಬಂದಂತೆ ಕಂಡು ಮೊಣಕಾಲಿನ ಬಳಿ ಇಳಿಯುತ್ತಿತ್ತು. ಎಂಟು ಇನಿಂಗ್ಸ್‌ಗಳಲ್ಲಿ ಅವನು ಕೊಟ್ಟದ್ದು ಎರಡೇ ಹಿಟ್. ಅದರಲ್ಲಿ ಒಂದು, ಐದನೆಯ ಇನಿಂಗ್ಸ್‌ನಲ್ಲಿ ಕ್ಯಾಚರ್ ಹೋರ್ಹೆ ಪೊಸಾಡಾ ಬೇಲಿಯಾಚೆ ಕಳಿಸಿದ್ದು. ಬೇಸ್ ಮೇಲೆ ಆಗ ಬೇರೆ ಯಾರೂ ಇರಲಿಲ್ಲ. ಯಾಂಕೀಸ್ 1, ಓಕ್ಲೆಂಡ್ 0. ಇಡೀ ರಾತ್ರಿಗೆ ಬಿದ್ದ ರನ್ ಅದೊಂದೇ.

ಕ್ರಿಕೆಟ್ ಬಲ್ಲ ಓದುಗರಿಗೆ ಮುಂದಿನದು ಸ್ಪಷ್ಟವಾಗಲು ಎರಡು ಮಾತು. ಬೇಸ್‌ಬಾಲ್‌ನಲ್ಲಿ ರನ್ ಆಗಬೇಕಾದರೆ ಓಟಗಾರ ಮೂರು ಬೇಸ್ ದಾಟಿ ಹೋಂ ಪ್ಲೇಟಿಗೆ ಮರಳಬೇಕು. ಅಲ್ಲಿ ಬೀಳಿಸಲು ಸ್ಟಂಪ್ ಇಲ್ಲ. ಕ್ಯಾಚರ್ ಚೆಂಡು ಹಿಡಿದ ಕೈಗವಸನ್ನು ಓಟಗಾರನ ಮೈಗೆ ತಾಗಿಸಬೇಕು, ಅದೂ ಅವನು ಪ್ಲೇಟ್ ಮುಟ್ಟುವ ಮೊದಲೇ. ಆ ಕೈಗೆ ಸಿಗದಿರಲೆಂದೇ ಓಟಗಾರರು ನೆಲಕ್ಕೆ ಬಿದ್ದು ಕಾಲು ಚಾಚಿ ಜಾರುತ್ತಾ ಬರುತ್ತಾರೆ.

ಏಳನೆಯ ಇನಿಂಗ್ಸ್. ಓಕ್ಲೆಂಡ್‌ನ ಇಬ್ಬರು ಔಟಾಗಿದ್ದರು. ಜೆರೆಮಿ ಜಿಯಾಂಬಿ ಒಂದು ಹಿಟ್ ಹೊಡೆದು ಮೊದಲ ಬೇಸ್ ಸೇರಿದ. ವೇಗ ಅವನ ಗುಣವಾಗಿರಲಿಲ್ಲ, ಬೀನ್ ಅವನನ್ನು ತಂಡಕ್ಕೆ ತಂದದ್ದು ತಾಳ್ಮೆಯ ಬ್ಯಾಟಿಂಗ್‌ಗಾಗಿ. ಮುಂದೆ ಬಂದ ಟೆರೆನ್ಸ್ ಲಾಂಗ್ ಚೆಂಡನ್ನು ಬಲಗೆರೆಯ ಉದ್ದಕ್ಕೂ ಮೂಲೆಗೆ ಅಟ್ಟಿದ. ಇಬ್ಬರು ಔಟಾಗಿದ್ದುದರಿಂದ ಜೆರೆಮಿ ಬ್ಯಾಟಿನ ಸದ್ದು ಕೇಳಿದೊಡನೆ ಓಟ ಕಿತ್ತ. ಎರಡನೆಯ ಬೇಸ್ ದಾಟಿದ, ಮೂರನೆಯದಕ್ಕೆ ಬಂದ. ಅಲ್ಲಿ ನಿಂತಿದ್ದ ಕೋಚ್ ರಾನ್ ವಾಷಿಂಗ್ಟನ್ ಕೈ ಬೀಸಿ ಮುಂದಕ್ಕೆ ಕಳಿಸಿದರು. ಆ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಮೂಲೆಯಲ್ಲಿ ಚೆಂಡು ಎತ್ತಿಕೊಂಡ ಶೇನ್ ಸ್ಪೆನ್ಸರ್‌ನ ಎಸೆತ ನಡುವೆ ಹಿಡಿದು ದಾಟಿಸಲು ನಿಂತಿದ್ದ ಅಲ್ಫೋನ್ಸೊ ಸೊರಿಯಾನೊ, ಟೀನೊ ಮಾರ್ಟಿನೆಜ್ ಇಬ್ಬರ ತಲೆಯ ಮೇಲಿಂದಲೂ ಹಾರಿಹೋಗಿತ್ತು. ದಿಕ್ಕು ತಪ್ಪಿದ ಚೆಂಡು ಮೊದಲ ಬೇಸಿನ ಗೆರೆಯ ಕಡೆ, ಯಾರೂ ಇಲ್ಲದ ಜಾಗಕ್ಕೆ ಇಳಿಯುತ್ತಿತ್ತು. ರನ್ ಬಂತೆಂದೇ ಲೆಕ್ಕ.

ಡೆರೆಕ್ ಜೀಟರ್ ಶಾರ್ಟ್‌ಸ್ಟಾಪ್. ಅವನ ಜಾಗ ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ, ಅಂದರೆ ಅಂಗಳದ ಇನ್ನೊಂದು ಬದಿ. ಅಲ್ಲಿಂದ ಅಡ್ಡಲಾಗಿ ಓಡಿ ಬಂದವನು ಮೊದಲ ಬೇಸಿನ ಗೆರೆಯ ಬಳಿ ಚೆಂಡನ್ನು ಹಿಡಿದ. ಓಡುತ್ತಿದ್ದ ದಿಕ್ಕು ಹೋಂ ಪ್ಲೇಟಿನಿಂದ ಆಚೆಗೆ. ತಿರುಗಿ ನಿಂತು ಎಸೆಯಲು ಸಮಯವಿರಲಿಲ್ಲ. ಓಟದಲ್ಲೇ ಮುಂಗೈ ತಿರುವಿ, ಚೆಂಡನ್ನು ಪಕ್ಕಕ್ಕೆ ಪೊಸಾಡಾನತ್ತ ತಳ್ಳಿದ. ಪೊಸಾಡಾ ಹಿಡಿದು ಹಿಂದಕ್ಕೆ ಬೀಸಿದ ಕೈ ಜೆರೆಮಿಯ ಕಾಲಿಗೆ ತಾಗಿತು. ಜೆರೆಮಿ ನಿಂತೇ ಓಡಿ ಬಂದಿದ್ದ, ಜಾರಿರಲಿಲ್ಲ. ಅವನ ಪಾದ ಪ್ಲೇಟಿನ ಮೇಲೆ ಇಳಿಯುತ್ತಿತ್ತು. ಅಂಪೈರ್ ಕರ್ವಿನ್ ಡ್ಯಾನ್ಲಿ ಔಟ್ ಕೊಟ್ಟರು. ಆಗ ವಿಡಿಯೊ ಪರಿಶೀಲನೆ ಇರಲಿಲ್ಲ, ಇಂಥ ತೀರ್ಪುಗಳಿಗೆ ಅದು ಬಂದದ್ದು 2014ರಲ್ಲಿ. ಪಾದ ಮೊದಲೋ ಕೈಗವಸು ಮೊದಲೋ ಎಂಬ ವಾದ ಫೋಟೊಗಳನ್ನು ಮುಂದಿಟ್ಟುಕೊಂಡು ಇಂದಿಗೂ ನಡೆಯುತ್ತದೆ.

ಜೀಟರ್ ಮಾಡಿದ್ದು ಅಸಾಮಾನ್ಯ ಕೆಲಸ. ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಅಂಥ ಎಸೆತ ತಪ್ಪಿದಾಗ ಹಿಂದೆ ನಿಲ್ಲುವುದು ಅವನ ಹೊಣೆಯೇ ಆಗಿತ್ತು, ಅದನ್ನು ಅಭ್ಯಾಸ ಮಾಡಿದ್ದೆವು ಎಂದು ಯಾಂಕೀಸ್ ಕಡೆಯವರು ಹೇಳಿದರು. ಅದು ಅವನ ಸಾಧನೆಯನ್ನು ಕುಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ವ್ಯರ್ಥವಾಗುವ ಓಟವನ್ನು ಆ ಒಂದು ಸಲಕ್ಕಾಗಿ ಪ್ರತಿ ಬಾರಿಯೂ ಓಡುವುದು ದೊಡ್ಡ ಶಿಸ್ತು. ಆದರೆ ಆ ದೃಶ್ಯದ ಇನ್ನೊಂದು ತುದಿಯಲ್ಲಿದ್ದವನಿಗೆ ಸಿಕ್ಕಿದ್ದು ಬೇರೆಯದೇ. ಜೆರೆಮಿ ಯಾಕೆ ಜಾರಲಿಲ್ಲ ಎಂಬುದು ಅಮೆರಿಕದ ಕ್ರೀಡಾಮಾತಿನಲ್ಲಿ ಶಾಶ್ವತ ಪ್ರಶ್ನೆಯಾಗಿ ನಿಂತಿತು.

ಅವನು ಜಾರಿದ್ದರೆ ಏನಾಗುತ್ತಿತ್ತು? ಬಹುಶಃ ರನ್ ಸಿಗುತ್ತಿತ್ತು. ಆಗ ಅಂಕ 1-1. ಪಂದ್ಯ ಗೆದ್ದಂತಲ್ಲ, ಸಮವಾದಂತೆ ಅಷ್ಟೇ. ಆಮೇಲೆ ಎರಡು ಇನಿಂಗ್ಸ್ ಉಳಿದಿದ್ದವು, ಯಾಂಕೀಸ್ ಬಳಿ ಮಾರಿಯಾನೊ ರಿವೇರಾ ಇದ್ದ. ಕೊನೆಯ ಇನಿಂಗ್ಸ್‌ಗಳನ್ನು ಕಾಯುವುದರಲ್ಲಿ ಅವನಿಗಿಂತ ಉತ್ತಮ ಪಿಚರನ್ನು ಈ ಆಟ ಕಂಡಿಲ್ಲ. ನಿಧಾನ ಓಟಗಾರನ ಬದಲಿಗೆ ಚುರುಕಿನವನನ್ನು ಮ್ಯಾನೇಜರ್ ಆರ್ಟ್ ಹೋವ್ ಮೊದಲ ಬೇಸಿನಲ್ಲೇ ಇಳಿಸಬಹುದಿತ್ತಲ್ಲವೇ ಎಂಬ ಪ್ರಶ್ನೆಯೂ ಇದೆ, ಅದೂ ನ್ಯಾಯವಾದದ್ದೇ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಋತುವಿಡೀ ಪಂದ್ಯಕ್ಕೆ ಸರಾಸರಿ ಐದಕ್ಕೂ ಹೆಚ್ಚು ರನ್ ಗಳಿಸಿದ್ದ ತಂಡ ಆ ರಾತ್ರಿ ತನ್ನದೇ ಜನರ ಮುಂದೆ ಒಂದು ರನ್ನನ್ನೂ ಗಳಿಸಲಿಲ್ಲ. ಝೀಟೋ ಎರಡೇ ಹಿಟ್ ಕೊಟ್ಟು ಸೋತ.

ಮರುದಿನದ ನಾಲ್ಕನೆಯ ಪಂದ್ಯದಲ್ಲಿ ಕುತೂಹಲ ಹೆಚ್ಚು ಹೊತ್ತು ಉಳಿಯಲಿಲ್ಲ. ಯಾಂಕೀಸ್ 9, ಓಕ್ಲೆಂಡ್ 2. ಬರ್ನಿ ವಿಲಿಯಮ್ಸ್ ಒಬ್ಬನೇ ಐದು ರನ್ ತಂದುಕೊಟ್ಟ. ಆದರೆ ಓಕ್ಲೆಂಡ್‌ಗೆ ಆ ದಿನ ಬಿದ್ದ ಪೆಟ್ಟು ಅಂಕಪಟ್ಟಿಯಲ್ಲಿ ಮಾತ್ರವಲ್ಲ. ಜುಲೈನಲ್ಲಿ ತಂಡಕ್ಕೆ ಬಂದು ಆ ಗೆಲುವಿನ ಓಟಕ್ಕೆ ಬಲ ತುಂಬಿದ್ದ ಜರ್ಮೇನ್ ಡೈ ತಾನೇ ಹೊಡೆದ ಚೆಂಡು ಎಡಗಾಲಿಗೆ ಬಡಿದು ಕುಸಿದ. ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ಎಲ್ಲರೂ ಜೆರೆಮಿಯ ಕಾಲಿನ ಬಗ್ಗೆ ಮಾತಾಡುತ್ತಾರೆ. ನನಗನಿಸುವುದು, ಈ ಸರಣಿಯಲ್ಲಿ ಓಕ್ಲೆಂಡ್ ಕಳೆದುಕೊಂಡ ಕಾಲು ಡೈನದು.

ಐದನೆಯ ಪಂದ್ಯಕ್ಕೆ ಬಿಡುವಿನ ದಿನವೂ ಇರಲಿಲ್ಲ. ಖಂಡದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಹಾರಿ, ಅಕ್ಟೋಬರ್ 15ರ ರಾತ್ರಿ ಮತ್ತೆ ಯಾಂಕೀ ಸ್ಟೇಡಿಯಂ. ಮತ್ತೆ ಮಲ್ಡರ್, ಮತ್ತೆ ಕ್ಲೆಮೆನ್ಸ್. ಓಕ್ಲೆಂಡ್ ಮೊದಲು ಎರಡು ರನ್ ಮುಂದಿತ್ತು. ಸೊರಿಯಾನೊನ ಹಿಟ್ ಅದನ್ನು ಸಮ ಮಾಡಿತು. ಆಮೇಲೆ ಓಕ್ಲೆಂಡ್ ಫೀಲ್ಡಿಂಗ್ ಸಡಿಲವಾಯಿತು, ಹಿಡಿಯಬೇಕಾದ ಚೆಂಡುಗಳು ಕೈ ತಪ್ಪಿದವು. ಆರನೆಯ ಇನಿಂಗ್ಸ್‌ನಲ್ಲಿ ಬದಲಿ ಬ್ಯಾಟರ್ ಆಗಿ ಬಂದ ಡೇವಿಡ್ ಜಸ್ಟಿಸ್ ಹೋಮ್ ರನ್ ಹೊಡೆದು ಅಂಕವನ್ನು 5-3ಕ್ಕೆ ಏರಿಸಿದ. ಎಂಟನೆಯದರಲ್ಲಿ ಟೆರೆನ್ಸ್ ಲಾಂಗ್ ಹೊಡೆದ ಚೆಂಡೊಂದನ್ನು ಜೀಟರ್ ಹಿಂದಕ್ಕೋಡಿ ಹಿಡಿದು, ಹಿಡಿದ ರಭಸಕ್ಕೆ ಪ್ರೇಕ್ಷಕರ ನಡುವೆ ಉರುಳಿಬಿದ್ದ. ಕೊನೆಗೆ ಪಂದ್ಯವನ್ನು ಮುಗಿಸಿದ್ದು ರಿವೇರಾ. ಮೂರು ಪಂದ್ಯಗಳಲ್ಲೂ ಕೊನೆಯ ಇನಿಂಗ್ಸ್ ಓಕ್ಲೆಂಡ್‌ಗೆ ಒಲಿಯಲಿಲ್ಲ. ಸರಣಿಯ ಒಟ್ಟು ಲೆಕ್ಕ: ಯಾಂಕೀಸ್ 18 ರನ್, ಓಕ್ಲೆಂಡ್ 12. ಗೆದ್ದ ಎರಡು ಪಂದ್ಯಗಳಲ್ಲಿ 7, ಸೋತ ಮೂರರಲ್ಲಿ 5.

ಯಾಂಕೀಸ್ ಮುಂದಿನ ಸುತ್ತಿನಲ್ಲಿ 116 ಪಂದ್ಯ ಗೆದ್ದಿದ್ದ ಸಿಯಾಟಲನ್ನೂ ಐದೇ ಪಂದ್ಯಗಳಲ್ಲಿ ಮುಗಿಸಿದರು. ವಿಶ್ವ ಸರಣಿಯಲ್ಲಿ ಅರಿಝೋನ ಡೈಮಂಡ್‌ಬ್ಯಾಕ್ಸ್ ಎದುರು ನವೆಂಬರ್ 4ರಂದು, ಏಳನೆಯ ಪಂದ್ಯದ ಕೊನೆಯ ಇನಿಂಗ್ಸ್‌ನಲ್ಲಿ, ಅದೇ ರಿವೇರಾನ ಕೈಯಲ್ಲೇ ಸೋತರು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಒಂದು ತಂಡ ಇನ್ನೊಂದಕ್ಕಿಂತ ಎಷ್ಟು ಬಲಿಷ್ಠವೆಂದರೆ, ಅವರಿಬ್ಬರು ಹತ್ತು ಸಲ ಆಡಿದರೆ ಆರು ಸಲ ಅದೇ ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ಅಂಥ ತಂಡವೂ ಐದು ಪಂದ್ಯಗಳ ಸರಣಿಯನ್ನು ನೂರರಲ್ಲಿ ಸುಮಾರು 32 ಬಾರಿ ಸೋಲುತ್ತದೆ. ಸಮಬಲದ ತಂಡಗಳಾದರೆ, 2-0 ಮುಂದಿರುವ ತಂಡಕ್ಕೂ ಎಂಟರಲ್ಲಿ ಒಂದು ಸಲ ಸೋಲು ಕಾದಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 162 ಪಂದ್ಯಗಳಲ್ಲಿ ತೂಗಿ ನೋಡಿದ ಯೋಗ್ಯತೆಯನ್ನು ಐದು ಪಂದ್ಯಗಳಲ್ಲಿ ಮರುತೂಗುವ ಈ ಪದ್ಧತಿ 1995ರಿಂದ ಪ್ರತಿ ವರ್ಷ ನಡೆಯುತ್ತಿದೆ. ಟಿಕೆಟ್‌ಗೂ ಟೆಲಿವಿಷನ್‌ಗೂ ಅದು ಒಳ್ಳೆಯದು. ಯಾರು ಉತ್ತಮರು ಎಂದು ತಿಳಿಯಲು ಅದು ಸಾಲದು.

ಹಾಗೆಂದು ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಲೂ ಮನಸ್ಸು ಒಪ್ಪುವುದಿಲ್ಲ. 2000ದಲ್ಲಿ ಐದನೆಯ ಪಂದ್ಯದ ಮೊದಲ ಇನಿಂಗ್ಸ್‌ನಲ್ಲೇ ಯಾಂಕೀಸ್‌ಗೆ ಆರು ರನ್ ಕೊಟ್ಟು ಓಕ್ಲೆಂಡ್ ಸೋತಿತ್ತು. 2002ರಲ್ಲಿ ಮಿನೆಸೊಟ ಎದುರು 2-1 ಮುಂದಿದ್ದು ಸೋತಿತು. 2003ರಲ್ಲಿ ಬಾಸ್ಟನ್ ಎದುರು ಮತ್ತೆ 2-0 ಮುಂದಿದ್ದು ಮೂರನ್ನೂ ಸೋತಿತು. ಆ ಸರಣಿಯ ಮೂರನೆಯ ಪಂದ್ಯದಲ್ಲಿ ಎರಿಕ್ ಬರ್ನ್ಸ್ ಹೋಂ ಪ್ಲೇಟಿನಲ್ಲಿ ಕ್ಯಾಚರ್‌ಗೆ ಡಿಕ್ಕಿ ಹೊಡೆದು, ಪ್ಲೇಟ್ ಮುಟ್ಟದೆಯೇ ಮುಂದೆ ಹೋಗಿ ಔಟಾದ. ನಾಲ್ಕು ವರ್ಷ, ನಾಲ್ಕು ಸರಣಿ, ಪ್ರತಿಯೊಂದೂ ಐದನೆಯ ಪಂದ್ಯದವರೆಗೆ. ಇನ್ನೊಂದು ಗೆದ್ದರೆ ಸಾಕು ಎಂಬಲ್ಲಿಗೆ ಓಕ್ಲೆಂಡ್ ಒಂಬತ್ತು ಬಾರಿ ಬಂದು ಒಂಬತ್ತೂ ಬಾರಿ ಸೋತಿತು. ಒಂದು ಸಲವಾದರೆ ದುರದೃಷ್ಟ ಎನ್ನಬಹುದು. ಒಂಬತ್ತು ಸಲವೆಂದರೆ ಫೀಲ್ಡಿಂಗ್, ಬೇಸ್ ಓಟ, ಬೆಂಚಿನ ಮೇಲಿನ ಬದಲಿ ಆಟಗಾರರು, ಹೀಗೆ ಅಗ್ಗದ ತಂಡದಲ್ಲಿ ಕೊರತೆ ಬೀಳುವ ಸಣ್ಣಪುಟ್ಟ ಸಂಗತಿಗಳ ಕಡೆಗೂ ನೋಡಬೇಕಾಗುತ್ತದೆ.

ಆ ಚಳಿಗಾಲದಲ್ಲಿ ತಂಡ ಚದುರಿತು. ಜೇಸನ್ ಜಿಯಾಂಬಿ ಏಳು ವರ್ಷಕ್ಕೆ 12 ಕೋಟಿ ಡಾಲರ್ ಒಪ್ಪಂದದ ಮೇಲೆ, ತನ್ನನ್ನು ಸೋಲಿಸಿದ ಯಾಂಕೀಸ್‌ಗೇ ಹೋದ. ಡೇಮನ್ ಬಾಸ್ಟನ್‌ಗೆ, ಪಿಚರ್ ಜೇಸನ್ ಇಸ್ರಿಂಗ್‌ಹೌಸನ್ ಸೇಂಟ್ ಲೂಯಿಸ್‌ಗೆ. ಉಳಿದವರನ್ನು ಕಟ್ಟಿಕೊಂಡು 2002ರಲ್ಲಿ ಓಕ್ಲೆಂಡ್ ಸತತ 20 ಪಂದ್ಯ ಗೆದ್ದಿತು, ಋತುವಿನಲ್ಲಿ 103. ಈ ಕಥೆಯನ್ನೇ ಮೈಕಲ್ ಲೂಯಿಸ್ 2003ರಲ್ಲಿ ‘ಮನಿಬಾಲ್’ ಎಂಬ ಪುಸ್ತಕವಾಗಿ ಬರೆದರು. 2011ರಲ್ಲಿ ಬಂದ ಅದೇ ಹೆಸರಿನ ಚಲನಚಿತ್ರ ಶುರುವಾಗುವುದು 2001ರ ಐದನೆಯ ಪಂದ್ಯದಿಂದಲೇ. ನಮ್ಮಲ್ಲಿ ಬೇಸ್‌ಬಾಲ್ ಗೊತ್ತಿಲ್ಲದ ಎಷ್ಟೋ ಜನ ಆ ಚಿತ್ರ ನೋಡಿದ್ದಾರೆ. ಅದರಲ್ಲಿ ಹಡ್ಸನ್, ಮಲ್ಡರ್, ಝೀಟೋ ಮೂವರೂ ಹೆಚ್ಚುಕಡಿಮೆ ಕಾಣಿಸುವುದಿಲ್ಲ ಎಂಬುದು ನನ್ನ ದೂರು.

ಓಕ್ಲೆಂಡ್ ನಗರಕ್ಕೆ ಆ ತಂಡವೂ ಉಳಿಯಲಿಲ್ಲ. ಹಳೆಯ ಕೊಲೀಸಿಯಂ ಬಿಟ್ಟು ಹತ್ತಿರದ ಫ್ರೀಮಾಂಟ್‌ನಲ್ಲಿ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆ 2006ರಲ್ಲಿ ಹೊರಬಿದ್ದು 2009ರಲ್ಲಿ ಬಿದ್ದುಹೋಯಿತು. 2024ರ ಸೆಪ್ಟೆಂಬರ್ 26ರಂದು ಟೆಕ್ಸಸ್ ರೇಂಜರ್ಸ್ ತಂಡವನ್ನು 3-2ರಿಂದ ಸೋಲಿಸಿ ಅಥ್ಲೆಟಿಕ್ಸ್ ಕೊಲೀಸಿಯಂ ತೊರೆಯಿತು. ಲಾಸ್ ವೇಗಸ್‌ನಲ್ಲಿ ಮನೆ ಸಿದ್ಧವಾಗುವ ತನಕ ಅದು ಆಡುತ್ತಿರುವುದು ಸ್ಯಾಕ್ರಮೆಂಟೊ ಪಕ್ಕದ ಪುಟ್ಟ ಅಂಗಳದಲ್ಲಿ. 1989ರ ನಂತರ ಓಕ್ಲೆಂಡ್ ಮತ್ತೊಂದು ವಿಶ್ವ ಸರಣಿ ಗೆಲ್ಲಲೇ ಇಲ್ಲ.

ಜೆರೆಮಿಯನ್ನು 2002ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾಗೆ ಕಳಿಸಿದರು. 2003ರ ನಂತರ ಅವನು ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. 2022ರ ಫೆಬ್ರವರಿಯಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಸಾವಿನ ಸುದ್ದಿ ಬರೆದ ಪತ್ರಿಕೆಗಳೂ ಆ ಒಂದು ಓಟವನ್ನು ನೆನಪಿಸದೆ ಬಿಡಲಿಲ್ಲ. ಆ ಏಳನೆಯ ಇನಿಂಗ್ಸ್‌ನಲ್ಲಿ ಇಬ್ಬರು ಔಟಾದ ಮೇಲೆ ಮುಸೀನಾನಂಥ ಪಿಚರ್ ಎದುರು ಹಿಟ್ ಹೊಡೆದು ಬೇಸ್ ಸೇರಿದ್ದು ಅವನೇ. ಅವನು ಅದನ್ನು ಮಾಡದಿದ್ದರೆ ಲಾಂಗ್‌ಗೆ ಅವಕಾಶವೇ ಸಿಗುತ್ತಿರಲಿಲ್ಲ. ಮೂರು ಪಂದ್ಯಗಳಲ್ಲಿ ಐದು ರನ್ ಗಳಿಸಿದ ತಂಡದ ಸೋಲನ್ನು ಒಬ್ಬನ ಹೆಸರಿಗೆ ಬರೆಯುವುದನ್ನು ಬೇಸ್‌ಬಾಲ್ ಬರೆಯುವವರೂ ಮಾತಾಡುವವರೂ ಇನ್ನಾದರೂ ಬಿಡಬೇಕು.